ಹಡಗು ಒಂದು ದೇಶದ್ದು, ಕಡಲು ಇನ್ನೊಂದು ದೇಶದ್ದು: ಕಾನೂನು ಜಾರಿ ಮಾಡೋರು ಯಾರು?

ಮೇ ತಿಂಗಳ ಕೊನೆಗೆ, ಇನ್ನೇನು ಮಳೆ ಶುರುವಾಗಬೇಕು ಅನ್ನುವ ಹೊತ್ತಿಗೆ, ಗೋವಾ ಮತ್ತು ನಮ್ಮ ಉತ್ತರ ಕನ್ನಡದ ಕಡಲತೀರಗಳಲ್ಲಿ ಕಪ್ಪು ಉಂಡೆಗಳು ಬಂದು ಬೀಳುತ್ತವೆ. ಟಾರ್ ಬಾಲ್ ಅಂತಾರೆ. ಕಾಲಿಗೆ ಮೆತ್ತಿಕೊಂಡರೆ ನೀರಲ್ಲಿ ತೊಳೆದು ಹೋಗುವಂಥದ್ದಲ್ಲ, ಎಣ್ಣೆ ಹಾಕಿ ಉಜ್ಜಬೇಕು. ಸಮುದ್ರಕ್ಕೆ ಬಿದ್ದ ತೈಲ ಬಿಸಿಲು, ಗಾಳಿ, ಅಲೆಗೆ ಸಿಕ್ಕಿ ಹೀಗೆ ಗಟ್ಟಿಯಾಗುತ್ತದೆ. ಅದರಲ್ಲಿ ಹಡಗಿನ ಟ್ಯಾಂಕ್ ತೊಳೆದ ನೀರೂ ಇರಬಹುದು, ಎಂಜಿನ್ ರೂಮಿನ ಹೊಲಸೂ ಇರಬಹುದು, ತೈಲಬಾವಿಯ ಸೋರಿಕೆಯೂ ಇರಬಹುದು. ಯಾರು ಚೆಲ್ಲಿದ್ದು ಅಂತ ಕೇಳಿದರೆ ಹೆಚ್ಚಿನ ಸಲ ಉತ್ತರವೇ ಸಿಗುವುದಿಲ್ಲ.

ಹಾಗಂತ ನಿಯಮ ಇಲ್ವಾ? ಇದೆ, ಬೇಕಾದಷ್ಟಿದೆ. ಹಡಗಿನಿಂದಾಗುವ ಮಾಲಿನ್ಯ ತಡೆಯಲು ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ 1973ರಲ್ಲೇ ಆಯಿತು, 1978ರಲ್ಲಿ ಅದಕ್ಕೆ ಇನ್ನಷ್ಟು ಸೇರಿತು, 1983ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಎಂಜಿನ್ ರೂಮಿನ ತಳದಲ್ಲಿ ಸೇರುವ ಎಣ್ಣೆ ನೀರನ್ನು ಸೋಸಬೇಕು. ಹತ್ತು ಲಕ್ಷ ಪಾಲಿನಲ್ಲಿ ಎಣ್ಣೆ 15 ಪಾಲು ಮೀರದಿದ್ದರೆ ಮಾತ್ರ, ಅದೂ ಹಡಗು ಚಲಿಸುತ್ತಿರುವಾಗ, ಹೊರಗೆ ಬಿಡಬಹುದು. ಪ್ಲಾಸ್ಟಿಕ್ ಕಸವನ್ನಂತೂ ಯಾವ ಸಮುದ್ರದಲ್ಲೂ, ಎಷ್ಟೇ ದೂರ ಹೋದರೂ ಎಸೆಯುವಂತಿಲ್ಲ. ಜೀವರಕ್ಷಣೆಗೆ ಸೋಲಾಸ್ ಒಪ್ಪಂದ ಇದೆ. ಟೈಟಾನಿಕ್ ಮುಳುಗಿ ಎರಡು ವರ್ಷಕ್ಕೆ, ಅಂದರೆ 1914ರಲ್ಲಿ ಅದು ಮೊದಲು ಬಂತು. ಈಗ ಇರುವುದು 1974ರದ್ದು. ನಾವಿಕರ ತರಬೇತಿಗೆ ಒಂದು, ಹಡಗಿಗೆ ಎಷ್ಟು ಭಾರ ಹೇರಬಹುದು ಅನ್ನುವುದಕ್ಕೆ ಇನ್ನೊಂದು, ನಾವಿಕರ ಸಂಬಳ, ಊಟ, ವಿಶ್ರಾಂತಿಗೆ ಮತ್ತೊಂದು.

ಇವುಗಳಲ್ಲಿ ಹೆಚ್ಚಿನವನ್ನು ನೋಡಿಕೊಳ್ಳುವುದು ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ. 170ಕ್ಕೂ ಹೆಚ್ಚು ದೇಶಗಳು ಸದಸ್ಯರು, ಭಾರತ 1959ರಿಂದ ಇದೆ. ಆದರೆ ಐಎಂಒ ಬಳಿ ಗಸ್ತು ದೋಣಿಯೂ ಇಲ್ಲ, ದಂಡ ಹಾಕುವ ಅಧಿಕಾರವೂ ಇಲ್ಲ. ನಿಯಮ ಬರೆಯುವುದಷ್ಟೇ ಅದರ ಕೆಲಸ. ಜಾರಿ ಮಾಡಬೇಕಾದ್ದು ದೇಶಗಳು. ಒಂದು ಹಡಗಿನ ಮೇಲೆ ಮೂರು ಥರದ ದೇಶಗಳಿಗೆ ಹಿಡಿತ ಇರುತ್ತದೆ: ಅದು ಯಾವ ದೇಶದ ಬಾವುಟ ಹಾರಿಸುತ್ತದೋ ಅದು, ಅದು ಬಂದು ನಿಲ್ಲುವ ಬಂದರಿನ ದೇಶ, ಅದು ಹಾದುಹೋಗುವ ಕರಾವಳಿಯ ದೇಶ. ಪುಸ್ತಕದ ಪ್ರಕಾರ ಬಾವುಟದ ದೇಶವೇ ಮೊದಲು. ನನ್ನನ್ನು ಕೇಳಿದರೆ, ನಿಜವಾಗಿ ಕೆಲಸ ಮಾಡುವುದು ಬಂದರು. ಬಂದರಿನಲ್ಲಿ ಒಬ್ಬ ಸರ್ವೇಯರ್, ಅಂದರೆ ಹಡಗು ತಪಾಸಣೆಯ ಅಧಿಕಾರಿ, ಹಡಗು ಹತ್ತಿ ಕೆಲವು ಗಂಟೆ ಏನು ನೋಡುತ್ತಾನೆ, ಏನು ಬಿಡುತ್ತಾನೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಯಾಕೆ ಅಂತ ಹೇಳ್ತೇನೆ.

ಲಂಡನ್ನಿನ ನಿಯಮ ನಮ್ಮಲ್ಲಿ ಕಾನೂನಾಗುವುದು

ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಅದು ನಮ್ಮಲ್ಲಿ ಕಾನೂನಾಗಿ ಬಿಡುವುದಿಲ್ಲ. ಸಂವಿಧಾನದ 253ನೇ ವಿಧಿ ಪ್ರಕಾರ ಅಂತರರಾಷ್ಟ್ರೀಯ ಒಪ್ಪಂದ ಜಾರಿ ಮಾಡಲು ಕಾನೂನು ಮಾಡುವ ಅಧಿಕಾರ ಸಂಸತ್ತಿನದು. ಹಡಗಿನ ವಿಷಯದಲ್ಲಿ ಆ ಕಾನೂನು ಬಹಳ ಕಾಲ 1958ರ ಮರ್ಚಂಟ್ ಶಿಪ್ಪಿಂಗ್ ಕಾಯ್ದೆ ಆಗಿತ್ತು. ಅದನ್ನು ಬರೆಯುವಾಗ ಮಾರ್ಪೋಲ್ ಇನ್ನೂ ಹುಟ್ಟಿರಲಿಲ್ಲ. ಆಮೇಲೆ ಒಂದೊಂದು ಒಪ್ಪಂದ ಬಂದಾಗಲೂ ಒಂದೊಂದು ತೇಪೆ ಹಾಕುತ್ತಾ ಬಂದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ ಹೊಸ ಕಾಯ್ದೆಯನ್ನು ಒಪ್ಪಿತು. ಕಾಯ್ದೆಯ ಕೆಳಗೆ ನಿಯಮಾವಳಿಗಳು, ಅದರ ಕೆಳಗೆ ಮುಂಬೈನಲ್ಲಿರುವ ಡಿಜಿ ಶಿಪ್ಪಿಂಗ್, ಅಂದರೆ ಕೇಂದ್ರ ಸರ್ಕಾರದ ಹಡಗು ಮಹಾನಿರ್ದೇಶಕರ ಕಚೇರಿಯ ಸುತ್ತೋಲೆಗಳು. ಬಂದರುಗಳಲ್ಲಿ ಹಡಗು ಹತ್ತಿ ನೋಡುವವರು ಅದೇ ಕಚೇರಿಯ ಅಡಿಯಲ್ಲಿರುವ ಮರ್ಕೆಂಟೈಲ್ ಮರೈನ್ ಇಲಾಖೆಯ ಸರ್ವೇಯರ್‌ಗಳು. ಇವರಲ್ಲಿ ಹೆಚ್ಚಿನವರು ಹಿಂದೆ ಹಡಗಿನಲ್ಲಿ ಕ್ಯಾಪ್ಟನ್ನೋ ಚೀಫ್ ಎಂಜಿನಿಯರೋ ಆಗಿದ್ದವರು.

ಒಪ್ಪಂದಗಳನ್ನು ತಿದ್ದುವ ರೀತಿಯಲ್ಲಿ ಒಂದು ಒಳ್ಳೆಯ ಉಪಾಯ ಇದೆ. ಮೊದಲೆಲ್ಲ ಒಂದು ತಿದ್ದುಪಡಿ ಜಾರಿಗೆ ಬರಬೇಕಾದರೆ ಮೂರರಲ್ಲಿ ಎರಡು ಭಾಗ ದೇಶಗಳು "ಹೂಂ" ಅನ್ನಬೇಕಿತ್ತು. ಯಾವ ಸರ್ಕಾರಕ್ಕೂ ಅವಸರ ಇರಲಿಲ್ಲ, ಕಾಗದ ವರ್ಷಗಟ್ಟಲೆ ಬಿದ್ದಿರುತ್ತಿತ್ತು. 1970ರ ದಶಕದಲ್ಲಿ ಇದನ್ನು ಉಲ್ಟಾ ಮಾಡಿದರು. ಈಗ ತಾಂತ್ರಿಕ ತಿದ್ದುಪಡಿಗೆ ಒಂದು ದಿನಾಂಕ ಇಡುತ್ತಾರೆ. ಅಷ್ಟರೊಳಗೆ ಸಾಕಷ್ಟು ದೇಶಗಳು "ಬೇಡ" ಅಂತ ಬರೆದು ಕೊಡದಿದ್ದರೆ ಒಪ್ಪಿದ ಹಾಗೆ. ಸುಮ್ನೆ ಕೂತರೂ ಒಪ್ಪಿಗೆ. ಹಡಗಿನ ನಿಯಮಗಳು ಬೇರೆ ಎಷ್ಟೋ ಅಂತರರಾಷ್ಟ್ರೀಯ ಒಪ್ಪಂದಗಳಿಗಿಂತ ಬೇಗ ಬದಲಾಗುವುದು ಇದರಿಂದಲೇ.

ಗಂಧಕದ ನಿಯಮವನ್ನೇ ನೋಡಿ. ಹಡಗು ಸುಡುವ ಇಂಧನದಲ್ಲಿ ಮೊದಲು ಶೇ 3.5ರವರೆಗೆ ಗಂಧಕ ಇರಬಹುದಿತ್ತು. 2020ರ ಜನವರಿ 1ರಿಂದ ಇಡೀ ಜಗತ್ತಿಗೆ ಶೇ 0.50. ಹೊಗೆ ಶುದ್ಧ ಮಾಡುವ ಯಂತ್ರ ಹಾಕಿಕೊಂಡ ಹಡಗುಗಳಿಗೆ ಮಾತ್ರ ವಿನಾಯಿತಿ. ಸರಿ, ನಡುಸಮುದ್ರದಲ್ಲಿ ಅಗ್ಗದ ಎಣ್ಣೆ ಸುಟ್ಟರೆ ಗೊತ್ತಾಗುವುದು ಹೇಗೆ? ಅದಕ್ಕೂ ದಾರಿ ಮಾಡಿದ್ದಾರೆ. ಇಂಧನ ತುಂಬಿಸಿಕೊಂಡಾಗಲೆಲ್ಲ ಅದರ ಗುಣಮಟ್ಟ ಬರೆದ ರಸೀದಿ ಪಡೆಯಬೇಕು, ಅದನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಜೊತೆಗೆ ಅದೇ ಇಂಧನದ ಮಾದರಿಯನ್ನು, ಕನಿಷ್ಠ 400 ಮಿಲಿಲೀಟರ್, ಬಾಟಲಿಗೆ ಹಾಕಿ ಸೀಲ್ ಮಾಡಿ ಕನಿಷ್ಠ ಒಂದು ವರ್ಷ ಇಡಬೇಕು. ಬಂದರಿಗೆ ಬಂದ ಸರ್ವೇಯರ್ ಬಾಟಲಿ ಕೇಳಬಹುದು, ಅನುಮಾನ ಬಂದರೆ ಟ್ಯಾಂಕಿನಿಂದಲೇ ಮಾದರಿ ತೆಗೆದು ಲ್ಯಾಬಿಗೆ ಕಳಿಸಬಹುದು. ಡೆನ್ಮಾರ್ಕಿನಲ್ಲಿ ಗ್ರೇಟ್ ಬೆಲ್ಟ್ ಸೇತುವೆಗೇ ಹೊಗೆ ಮೂಸುವ ಸಂವೇದಕ ಅಳವಡಿಸಿದ್ದಾರೆ. ಕೆಳಗೆ ಹಾದುಹೋಗುವ ಹಡಗಿನ ಹೊಗೆಯಲ್ಲಿ ಗಂಧಕ ಜಾಸ್ತಿ ಅನ್ನಿಸಿದರೆ ಮುಂದಿನ ಬಂದರಿಗೆ ಸುದ್ದಿ ಹೋಗುತ್ತದೆ.

ಬಾವುಟದ ವ್ಯವಹಾರ

ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶವೇ ಅದರ ಸುರಕ್ಷತೆಗೆ ಮೊದಲ ಹೊಣೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 94ನೇ ವಿಧಿ ಇದನ್ನು ಬಿಡಿಸಿ ಹೇಳುತ್ತದೆ. ತಪಾಸಣೆ ಮಾಡಬೇಕು, ಸಿಬ್ಬಂದಿಗೆ ಅರ್ಹತೆ ಇದೆಯೋ ನೋಡಬೇಕು, ಅಪಘಾತವಾದರೆ ತನಿಖೆ ಮಾಡಬೇಕು. ಹಡಗಿಗೂ ಬಾವುಟದ ದೇಶಕ್ಕೂ ನಿಜವಾದ ನಂಟು ಇರಬೇಕು ಅಂತಲೂ 91ನೇ ವಿಧಿಯಲ್ಲಿದೆ. ಆದರೆ ನಂಟು ಅಂದರೆ ಏನು ಅಂತ ಎಲ್ಲೂ ಬರೆದಿಲ್ಲ. ಅಲ್ಲೇ ಬಾಗಿಲು ತೆರೆದುಕೊಂಡಿತು.

ಬೆಂಗಳೂರಿನಿಂದ ಓಡುವ ಎಷ್ಟೋ ಖಾಸಗಿ ಸ್ಲೀಪರ್ ಬಸ್ಸುಗಳಿಗೆ ನಾಗಾಲ್ಯಾಂಡ್ ನಂಬರ್ ಪ್ಲೇಟ್ ಇರುವುದನ್ನು ನೀವೂ ನೋಡಿರುತ್ತೀರಿ. ಬಸ್ಸು ಕೊಹಿಮಾ ಕಂಡಿರುವುದಿಲ್ಲ. ಅಲ್ಲಿ ತೆರಿಗೆ ಕಡಿಮೆ, ಅಷ್ಟೇ. ಹಡಗಿನಲ್ಲೂ ಇದೇ ಕಥೆ. ಜಗತ್ತಿನ ಹಡಗು ನೋಂದಣಿಯಲ್ಲಿ ಮೇಲಿರುವ ಮೂರು ದೇಶಗಳು ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳು. ಮಾಲೀಕ ಗ್ರೀಸ್‌ನವನು, ಬಾವುಟ ಲೈಬೀರಿಯಾದ್ದು, ನಾವಿಕರು ಭಾರತ, ಫಿಲಿಪೀನ್ಸ್‌ನವರು, ವಿಮೆ ಲಂಡನ್ನಿನದು, ಇದು ತೀರಾ ಮಾಮೂಲಿ. ಲೈಬೀರಿಯಾದ ಮತ್ತು ಮಾರ್ಷಲ್ ದ್ವೀಪಗಳ ನೋಂದಣಿ ಕಚೇರಿಗಳನ್ನು ನಡೆಸುವುದು ಅಮೆರಿಕದ ವರ್ಜೀನಿಯಾದಲ್ಲಿರುವ ಖಾಸಗಿ ಕಂಪನಿಗಳು. ಸಮುದ್ರವೇ ಇಲ್ಲದ ಮಂಗೋಲಿಯಾಕ್ಕೂ ಹಡಗು ನೋಂದಣಿ ಇದೆ.

ಇಲ್ಲೊಂದು ಮಾತು ಹೇಳಲೇಬೇಕು. ಇಂಥ ಬಾವುಟ ಅಂದ ತಕ್ಷಣ ಹಡಗು ಕೆಟ್ಟದ್ದು ಅಂತಲ್ಲ. ದೊಡ್ಡ ನೋಂದಣಿಗಳು ಬಂದರು ತಪಾಸಣೆಗಳಲ್ಲಿ ಒಳ್ಳೆಯ ಅಂಕವನ್ನೇ ಪಡೆಯುತ್ತವೆ, ಯಾಕೆಂದರೆ ಅವರ ಹೆಸರು ಕೆಟ್ಟರೆ ಗಿರಾಕಿಗಳು ಹೋಗುತ್ತಾರೆ. ತೊಂದರೆ ಇರುವುದು ಸಣ್ಣ, ಯಾರೂ ಕೇಳದ ನೋಂದಣಿಗಳಲ್ಲಿ. ಅಲ್ಲಿ ದುಡ್ಡು ಕೊಟ್ಟರೆ ಬಾವುಟ ಸಿಗುತ್ತದೆ, ಆಮೇಲೆ ಹಡಗಿನ ಮುಖ ನೋಡುವವರಿಲ್ಲ.

ತಪಾಸಣೆಯನ್ನೂ ಹೆಚ್ಚಿನ ದೇಶಗಳು ತಾವೇ ಮಾಡುವುದಿಲ್ಲ. ಕ್ಲಾಸ್ ಸೊಸೈಟಿ ಅನ್ನುವ ಸಂಸ್ಥೆಗಳಿಗೆ ಒಪ್ಪಿಸುತ್ತವೆ. 1760ರಲ್ಲಿ ಶುರುವಾದ ಲಾಯ್ಡ್ಸ್ ರಿಜಿಸ್ಟರ್ ಇಂಥದ್ದು, ನಮ್ಮದೇ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ 1975ರದ್ದು. ಹಡಗಿನ ಉಕ್ಕು ಎಷ್ಟು ಸವೆದಿದೆ, ಎಂಜಿನ್ ಹೇಗಿದೆ ಅಂತ ನೋಡಿ ಸರ್ಟಿಫಿಕೇಟ್ ಕೊಡುವುದು ಇವರು. ತೊಡಕು ಏನೆಂದರೆ, ಇವರನ್ನು ಆರಿಸುವವನೂ ಫೀಸು ಕೊಡುವವನೂ ಹಡಗಿನ ಮಾಲೀಕನೇ. 1999ರ ಡಿಸೆಂಬರ್‌ನಲ್ಲಿ ಮಾಲ್ಟಾ ಬಾವುಟದ ಎರಿಕಾ ಅನ್ನುವ ಹಳೆಯ ತೈಲ ಹಡಗು ಫ್ರಾನ್ಸಿನ ಬ್ರಿಟನಿ ಕರಾವಳಿಯಾಚೆ ಎರಡು ತುಂಡಾಯಿತು. ಸುಮಾರು 20,000 ಟನ್ ದಪ್ಪ ಎಣ್ಣೆ ಸಮುದ್ರಕ್ಕೆ ಸೇರಿತು. ಅದರ ಸರ್ಟಿಫಿಕೇಟ್‌ಗಳೆಲ್ಲ ಚಾಲ್ತಿಯಲ್ಲೇ ಇದ್ದವು. ಫ್ರಾನ್ಸಿನ ಕೋರ್ಟುಗಳು ಸುಮ್ಮನಿರಲಿಲ್ಲ. ಮಾಲೀಕನ ಜೊತೆಗೆ, ಹಡಗು ಗೊತ್ತು ಮಾಡಿದ್ದ ತೈಲ ಕಂಪನಿ ಟೋಟಲ್ ಮತ್ತು ಸರ್ಟಿಫಿಕೇಟ್ ಕೊಟ್ಟ ಇಟಲಿಯ ಸಂಸ್ಥೆ ರೀನಾವನ್ನೂ ತಪ್ಪಿತಸ್ಥರು ಅಂದವು. 2012ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾಗದ ಕೊಡುವವರೂ ಉತ್ತರ ಹೇಳಬೇಕಾದೀತು ಅನ್ನುವುದು ಅಲ್ಲಿಂದ ಗಟ್ಟಿಯಾಯಿತು.

ಸರ್ವೇಯರ್ ಹಡಗು ಹತ್ತಿದಾಗ

ಬಾವುಟದ ದೇಶಗಳನ್ನು ನಂಬಿ ಕೂತರೆ ಆಗುವುದಿಲ್ಲ ಅಂತ ಯುರೋಪಿಗೆ ಗೊತ್ತಾಗಿದ್ದು ಇನ್ನೂ ಮೊದಲು, 1978ರ ಮಾರ್ಚ್‌ನಲ್ಲಿ. ಲೈಬೀರಿಯಾ ಬಾವುಟದ ಅಮೋಕೊ ಕಾಡಿಜ್ ಅದೇ ಬ್ರಿಟನಿ ತೀರದ ಬಂಡೆಗೆ ಬಡಿದು ಸುಮಾರು 2.2 ಲಕ್ಷ ಟನ್ ಕಚ್ಚಾ ತೈಲ ಚೆಲ್ಲಿತು. ನಾಲ್ಕು ವರ್ಷದ ನಂತರ, 1982ರಲ್ಲಿ, ಯುರೋಪಿನ 14 ದೇಶಗಳ ಸಾಗರ ಇಲಾಖೆಗಳು ಪ್ಯಾರಿಸ್‌ನಲ್ಲಿ ಒಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಹಡಗು ಯಾವ ದೇಶದ್ದೇ ಆಗಿರಲಿ, ನಮ್ಮ ಬಂದರಿಗೆ ಬಂದರೆ ನಾವು ಹತ್ತಿ ನೋಡುತ್ತೇವೆ, ನೋಡಿದ್ದನ್ನು ಪರಸ್ಪರ ಹಂಚಿಕೊಳ್ಳುತ್ತೇವೆ, ಇದು ಅದರ ಸಾರ. ಈಗ ಜಗತ್ತಿನಲ್ಲಿ ಇಂಥ ಒಂಬತ್ತು ಕೂಟಗಳಿವೆ, ಅಮೆರಿಕದ ಕೋಸ್ಟ್ ಗಾರ್ಡ್ ತನ್ನದೇ ಬೇರೆ ವ್ಯವಸ್ಥೆ ಇಟ್ಟುಕೊಂಡಿದೆ. ನಮ್ಮದು ಹಿಂದೂ ಮಹಾಸಾಗರದ ಕೂಟ, 1999ರಿಂದ ನಡೆಯುತ್ತಿದೆ, ಅದರ ಕಚೇರಿ ಪಕ್ಕದ ಗೋವಾದಲ್ಲೇ ಇದೆ.

ತಪಾಸಣೆ ಹೇಗೆ ನಡೆಯುತ್ತದೆ? ಹಡಗು ಬಂದರಿಗೆ ತಾಗಿದ ಮೇಲೆ ಸರ್ವೇಯರ್ ಹೇಳದೆ ಕೇಳದೆ ಬರುತ್ತಾನೆ. ಯಾವ ಹಡಗು ಅನ್ನುವುದನ್ನು ಸುಮ್ನೆ ಆರಿಸುವುದಿಲ್ಲ. ಹಡಗಿನ ವಯಸ್ಸು, ಬಾವುಟ, ಕ್ಲಾಸ್, ಕಂಪನಿ, ಹಿಂದೆ ಎಷ್ಟು ಸಲ ಸಿಕ್ಕಿಬಿದ್ದಿದೆ, ಎಲ್ಲ ಲೆಕ್ಕ ಹಾಕಿ ಅಪಾಯ ಜಾಸ್ತಿ ಇರುವುದನ್ನು ಮೊದಲು ಹಿಡಿಯುತ್ತಾರೆ. ಏಣಿ ಹತ್ತುವಾಗಲೇ ಕೆಲಸ ಶುರು: ಏಣಿಯ ಹಗ್ಗ ಹೇಗಿದೆ, ಹಡಗಿನ ಮೈ ಎಷ್ಟು ತುಕ್ಕು ಹಿಡಿದಿದೆ, ಕೆಳಗೆ ಕಾವಲಿಗೆ ಯಾರಾದರೂ ನಿಂತಿದ್ದಾರೋ. ಆಮೇಲೆ ಕ್ಯಾಪ್ಟನ್ ಕ್ಯಾಬಿನ್ನಿನಲ್ಲಿ ಕಾಗದ ಪತ್ರ. ಎಲ್ಲ ಸರಿ ಇದ್ದು ಹಡಗೂ ನೋಡಲು ಚೆನ್ನಾಗಿದ್ದರೆ ಅಲ್ಲಿಗೇ ಮುಗಿಯಬಹುದು. ಏನೋ ಸರಿ ಇಲ್ಲ ಅನ್ನಲು ಒಂದು ಸ್ಪಷ್ಟ ಕಾರಣ ಸಿಕ್ಕರೆ ಪೂರಾ ಜಾಲಾಡುತ್ತಾರೆ.

ಲೈಫ್ ಬೋಟ್ ಇಳಿಸಿ ತೋರಿಸಿ ಅನ್ನುತ್ತಾರೆ. ಎಷ್ಟೋ ಹಡಗಿನಲ್ಲಿ ಅದರ ಕೊಕ್ಕೆ ತುಕ್ಕು ಹಿಡಿದು ಅಲ್ಲಾಡುವುದೇ ಇಲ್ಲ. ತುರ್ತು ಬೆಂಕಿ ಪಂಪ್ ಚಾಲೂ ಮಾಡಿಸುತ್ತಾರೆ, ಡೆಕ್ ಮೇಲಿನ ಪೈಪಿನಲ್ಲಿ ನೀರು ಬರುವವರೆಗೂ ನಿಂತು ನೋಡುತ್ತಾರೆ. ಕರೆಂಟ್ ತೆಗೆದು ತುರ್ತು ಜನರೇಟರ್ ತಾನಾಗಿ ಶುರುವಾಗುತ್ತದೋ ಅಂತ ಪರೀಕ್ಷಿಸುತ್ತಾರೆ. ಅಡುಗೆಮನೆಯಲ್ಲಿ ಬೆಂಕಿ ಬಿದ್ದಿದೆ ಅಂದುಕೊಳ್ಳಿ, ಏನು ಮಾಡುತ್ತೀರಿ, ಮಾಡಿ ತೋರಿಸಿ ಅನ್ನುತ್ತಾರೆ. ಸಿಬ್ಬಂದಿಯ ನಿದ್ದೆಯ ಲೆಕ್ಕವನ್ನೂ ಬಿಡುವುದಿಲ್ಲ. ಹಿಂದಿನ ಬಂದರಿನಲ್ಲಿ ರಾತ್ರಿಯಿಡೀ ಸರಕು ಇಳಿಸಿದ ದಿನ ಇವನು ಹತ್ತು ಗಂಟೆ ಮಲಗಿದ್ದು ಹೇಗೆ ಅಂತ ಕೇಳುತ್ತಾರೆ.

ಕೊನೆಗೆ ಎಂಜಿನ್ ರೂಮ್. ಅಲ್ಲಿ ಆಯಿಲ್ ರೆಕಾರ್ಡ್ ಬುಕ್ ಅಂತ ಒಂದು ಪುಸ್ತಕ ಇರುತ್ತದೆ. ಎಷ್ಟು ಎಣ್ಣೆ ಹೊಲಸು ಸೇರಿತು, ಎಷ್ಟು ಸುಟ್ಟಿರಿ, ಎಷ್ಟನ್ನು ಬಂದರಿಗೆ ಕೊಟ್ಟಿರಿ, ಎಲ್ಲ ಬರೆಯಬೇಕು. ಅನುಭವ ಇರುವ ಸರ್ವೇಯರ್ ಪುಸ್ತಕ ಓದಿ ಸುಮ್ಮನಾಗುವುದಿಲ್ಲ, ಟ್ಯಾಂಕಿಗೆ ಅಳತೆ ಪಟ್ಟಿ ಇಳಿಸಿ ನಿಜವಾಗಿ ಎಷ್ಟಿದೆ ನೋಡುತ್ತಾನೆ. ಈ ಗಾತ್ರದ ಎಂಜಿನ್ನು ದಿನಕ್ಕೆ ಇಷ್ಟು ಹೊಲಸು ಮಾಡಲೇಬೇಕು, ನೀವು ಬರೆದಿರುವುದು ಇಷ್ಟೇ, ಉಳಿದದ್ದು ಎಲ್ಲಿ ಹೋಯಿತು? ಎಣ್ಣೆ ಸೋಸುವ ಯಂತ್ರದ ಹತ್ತಿರ ಹೋಗಿ ಪೈಪಿನ ಜೋಡಣೆಯ ಬೋಲ್ಟ್‌ಗಳನ್ನು ನೋಡುತ್ತಾನೆ. ಸುತ್ತಲೂ ಹಳೆ ಪೇಂಟ್ ಇದ್ದು ಆ ನಾಲ್ಕು ಬೋಲ್ಟ್‌ಗಳ ಮೇಲೆ ಮಾತ್ರ ಪೇಂಟ್ ಎದ್ದಿದ್ದರೆ, ಸ್ಪ್ಯಾನರ್ ಗುರುತು ಹೊಸದಾಗಿದ್ದರೆ, ಅಲ್ಲಿ ಯಾರೋ ಆಗಾಗ ಬಿಚ್ಚಿ ಬೇರೆ ಪೈಪ್ ಕೂಡಿಸುತ್ತಿದ್ದಾರೆ ಅಂತ ಅರ್ಥ. ಯಂತ್ರವನ್ನು ತಪ್ಪಿಸಿ ಎಣ್ಣೆಯನ್ನು ನೇರ ಸಮುದ್ರಕ್ಕೆ ಬಿಡುವ ಆ ಪೈಪಿಗೆ ಹಡಗಿನವರು ಇಟ್ಟಿರುವ ಹೆಸರು ಮ್ಯಾಜಿಕ್ ಪೈಪ್.

ಸಿಕ್ಕ ಲೋಪಗಳು ಸಣ್ಣವಾದರೆ ಸರಿಪಡಿಸಲು ಗಡುವು ಕೊಡುತ್ತಾರೆ. ದೊಡ್ಡದಾದರೆ ಹಡಗನ್ನು ತಡೆಹಿಡಿಯುತ್ತಾರೆ. ಸರಿಯಾಗುವವರೆಗೆ ಹೊರಡುವಂತಿಲ್ಲ. ಮಾಲೀಕ ಹೆದರುವುದು ಇದಕ್ಕೇ. ಹಡಗು ನಿಂತ ಪ್ರತಿ ದಿನ ಬಾಡಿಗೆ ನಷ್ಟ, ಬಂದರಿನ ಶುಲ್ಕ ಬೇರೆ, ಮುಂದಿನ ಬಂದರಿನಲ್ಲಿ ಕಾಯುವ ಸರಕಿನವರ ಜಗಳ ಬೇರೆ. ಮೇಲಾಗಿ ತಡೆಹಿಡಿದದ್ದು ಎಲ್ಲರಿಗೂ ಕಾಣುವ ದಾಖಲೆಗೆ ಸೇರುತ್ತದೆ. ವಿಮೆಯವರು, ಬಾಡಿಗೆಗೆ ಪಡೆಯುವವರು ಅದನ್ನು ನೋಡುತ್ತಾರೆ. ಪದೇ ಪದೇ ಸಿಕ್ಕಿಬಿದ್ದರೆ ಯುರೋಪಿನ ಬಂದರುಗಳು ಒಳಗೇ ಬಿಡುವುದಿಲ್ಲ. ಹತ್ತು ವರ್ಷದ ಮೇಲೆ ಬರುವ ಕೋರ್ಟಿನ ದಂಡಕ್ಕಿಂತ ಇವತ್ತು ಸಂಜೆ ಹೊರಡಬೇಕಾದ ಹಡಗು ಹೊರಡದೇ ಇರುವುದು ಹೆಚ್ಚು ನೋಯಿಸುತ್ತದೆ.

ಇದಕ್ಕೆ ಈಚಿನ ಒಂದು ಉದಾಹರಣೆ ಇದೆ. 2024ರ ಡಿಸೆಂಬರ್ 25ರಂದು ಫಿನ್ಲೆಂಡ್ ಮತ್ತು ಎಸ್ಟೋನಿಯಾ ನಡುವಿನ ಸಮುದ್ರದಡಿಯ ವಿದ್ಯುತ್ ಕೇಬಲ್ ತುಂಡಾಯಿತು. ಕುಕ್ ದ್ವೀಪಗಳ ಬಾವುಟದ ಈಗಲ್ ಎಸ್ ಅನ್ನುವ ತೈಲ ಹಡಗು ಲಂಗರು ಎಳೆದುಕೊಂಡು ಹೋಗಿದ್ದೇ ಕಾರಣ ಅಂತ ಫಿನ್ಲೆಂಡ್ ಅದನ್ನು ಹಿಡಿಯಿತು. ಕ್ರಿಮಿನಲ್ ಕೇಸು ಬಿದ್ದುಹೋಯಿತು. ಘಟನೆ ತನ್ನ ಗಡಿಯ ಆಚೆ ನಡೆದದ್ದರಿಂದ ವಿಚಾರಣೆ ಮಾಡುವ ಅಧಿಕಾರ ನಮಗಿಲ್ಲ ಅಂತ 2025ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯ ಕೋರ್ಟು ಕೈಬಿಟ್ಟಿತು. ಆದರೆ ಬಂದರು ತಪಾಸಣೆಯವರು ಆ ಹಡಗು ಹತ್ತಿ 30ಕ್ಕೂ ಹೆಚ್ಚು ಲೋಪ ಪಟ್ಟಿ ಮಾಡಿದ್ದರು, ಬೆಂಕಿ ಸುರಕ್ಷತೆಯದ್ದೂ ಸೇರಿ, ಮತ್ತು ಸರಿಪಡಿಸದೆ ಹೊರಡಬೇಡಿ ಅಂತ ತಡೆಹಿಡಿದಿದ್ದರು. ಆ ಅಧಿಕಾರಕ್ಕೆ ಗಡಿಯ ಪ್ರಶ್ನೆ ಅಡ್ಡ ಬರಲಿಲ್ಲ.

ಮ್ಯಾಜಿಕ್ ಪೈಪಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಮೂರನೇ ದೇಶದ ಬಾವುಟದ ಹಡಗಿನ ತಪ್ಪನ್ನು ಎರಡು ದೇಶಗಳು ಸೇರಿ ಹೇಗೆ ಹಿಡಿದವು ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. 2013ರ ಆಗಸ್ಟ್‌ನಲ್ಲಿ ಕೆರಿಬಿಯನ್ ಪ್ರಿನ್ಸೆಸ್ ಅನ್ನುವ ಪ್ರವಾಸಿ ಹಡಗು ಇಂಗ್ಲೆಂಡಿನ ತೀರದಿಂದ 20 ಮೈಲಿಗೂ ಆಚೆ ಎಣ್ಣೆ ಬೆರೆತ 4,227 ಗ್ಯಾಲನ್ ನೀರನ್ನು, ಸುಮಾರು 16,000 ಲೀಟರ್, ಮ್ಯಾಜಿಕ್ ಪೈಪಿನಿಂದ ಹೊರಬಿಟ್ಟಿತು. ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರ್ ಇದನ್ನು ಕಂಡ. ಸೌತಾಂಪ್ಟನ್‌ನಲ್ಲಿ ಹಡಗು ನಿಂತಾಗ ಕೆಲಸ ಬಿಟ್ಟು ಇಳಿದು ಬ್ರಿಟಿಷ್ ಅಧಿಕಾರಿಗಳಿಗೆ ಹೇಳಿದ, ಫೋಟೋ ಸಮೇತ. ಹಡಗಿನ ಬಾವುಟ ಬರ್ಮುಡಾದ್ದು. ಹಡಗು ಹೊರಟಿದ್ದು ನ್ಯೂಯಾರ್ಕಿಗೆ. ಬ್ರಿಟಿಷರು ಅಮೆರಿಕದ ಕೋಸ್ಟ್ ಗಾರ್ಡಿಗೆ ಸುದ್ದಿ ಮುಟ್ಟಿಸಿದರು, ಅವರು ಕಾದು ಕೂತು ಹಡಗು ಹತ್ತಿದರು. ಕೇಸು ನಡೆದದ್ದು ಅಮೆರಿಕದಲ್ಲಿ.

ಇಂಗ್ಲೆಂಡಿನ ಹತ್ತಿರ ಚೆಲ್ಲಿದ ಎಣ್ಣೆಗೆ ಅಮೆರಿಕದಲ್ಲಿ ಕೇಸು ಹೇಗೆ ಅಂತ ಅನ್ನಿಸುತ್ತದೆ ಅಲ್ವಾ? ದೂರದ ನೀರಿನಲ್ಲಿ ಚೆಲ್ಲಿದ್ದಕ್ಕೆ ಶಿಕ್ಷೆ ಕೊಡುವುದು ಬಾವುಟದ ದೇಶದ ಕೆಲಸ. ಆದರೆ ಸುಳ್ಳು ಬರೆದ ಆಯಿಲ್ ರೆಕಾರ್ಡ್ ಬುಕ್ಕನ್ನು ಹಡಗಿನಲ್ಲಿಟ್ಟುಕೊಂಡು ಅಮೆರಿಕದ ಬಂದರಿಗೆ ಬಂದರೆ, ಆ ಸುಳ್ಳು ಅಮೆರಿಕದ ನೆಲದ ಅಪರಾಧ. ಅಲ್ಲಿನ ಸರ್ಕಾರಿ ವಕೀಲರು ಹಿಡಿಯುವುದು ಇದೇ ಜುಟ್ಟನ್ನು. 2016ರಲ್ಲಿ ಪ್ರಿನ್ಸೆಸ್ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಸುದ್ದಿ ಕೊಟ್ಟವರಿಗೆ ದಂಡದಲ್ಲಿ ಅರ್ಧದವರೆಗೆ ಕೊಡಬಹುದು ಅಂತ ಅಲ್ಲಿನ ಕಾನೂನಿನಲ್ಲಿದೆ, ಆ ಎಂಜಿನಿಯರ್‌ಗೆ ಕೋರ್ಟು 10 ಲಕ್ಷ ಡಾಲರ್ ಕೊಡಿಸಿತು. ಈ ವಿಷಯದಲ್ಲಿ ಅಮೆರಿಕದ ಕಾನೂನು ನನಗೆ ಬಹಳ ಇಷ್ಟ. ನಡುಸಮುದ್ರದಲ್ಲಿ ನಡೆದದ್ದನ್ನು ಕಾಣುವವರು ನಾವಿಕರು ಮಾತ್ರ. ಬಾಯಿಬಿಟ್ಟರೆ ಮುಂದೆ ಯಾವ ಕಂಪನಿಯೂ ಕೆಲಸ ಕೊಡದು ಅನ್ನುವ ಭಯ ಅವರಿಗಿದೆ. ಅವರ ಹೊಟ್ಟೆಪಾಡಿಗೆ ದಾರಿ ಮಾಡದೆ ಸತ್ಯ ಹೇಳಿ ಅಂದರೆ ಯಾರು ಹೇಳುತ್ತಾರೆ? ಮಂಗಳೂರು, ಉಡುಪಿ, ಕಾರವಾರದ ಕಡೆ ಹಡಗಿಗೆ ಹೋಗುವವರ ಮನೆಗಳು ಎಷ್ಟೊಂದಿವೆ. ಭಾರತದ ಕಾನೂನಿನಲ್ಲೂ ಇಂಥದ್ದೊಂದು ಬರಬೇಕು.

ನಮ್ಮ ತೀರದಲ್ಲಿ

ಕರಾವಳಿಯ ದೇಶಕ್ಕೆ ಸಿಗುವ ಅಧಿಕಾರ ದೂರ ಹೋದಂತೆ ತೆಳುವಾಗುತ್ತದೆ. ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ನಮ್ಮದೇ ನೀರು. 200 ನಾಟಿಕಲ್ ಮೈಲಿವರೆಗೆ ಮೀನು, ತೈಲ, ಪರಿಸರ ರಕ್ಷಣೆಯ ಹಕ್ಕು ನಮ್ಮದು, ಆದರೆ ಹಾದುಹೋಗುವ ಹಡಗನ್ನು ಸುಮ್ನೆ ನಿಲ್ಲಿಸುವಂತಿಲ್ಲ. 12 ಮೈಲಿಯ ಆಚೆ ಮಾಲಿನ್ಯ ಮಾಡಿದ ವಿದೇಶಿ ಹಡಗಿಗೆ ದಂಡ ಹಾಕಬಹುದು, ಜೈಲು ಶಿಕ್ಷೆ ಕೊಡುವಂತಿಲ್ಲ. ಅಪಘಾತದಿಂದ ತೀರಕ್ಕೆ ದೊಡ್ಡ ಅಪಾಯ ಎದುರಾದರೆ ಮಧ್ಯೆ ಕೈಹಾಕಬಹುದು.

2025ರಲ್ಲಿ ಇದೆಲ್ಲ ನಮ್ಮ ಕಣ್ಣೆದುರೇ ನಡೆಯಿತು. ಮೇ 25ರಂದು ಲೈಬೀರಿಯಾ ಬಾವುಟದ ಎಂಎಸ್‌ಸಿ ಎಲ್ಸಾ 3 ವಿಳಿಂಜಂನಿಂದ ಕೊಚ್ಚಿಗೆ ಹೋಗುವಾಗ ಮಗುಚಿ ಮುಳುಗಿತು. 24 ಜನರೂ ಬದುಕಿದರು. ಹಡಗಿನಲ್ಲಿ 640 ಕಂಟೇನರ್, ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು, ಟ್ಯಾಂಕಿನಲ್ಲಿ 367 ಟನ್ ಫರ್ನೆಸ್ ಆಯಿಲ್. ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ತೀರದವರೆಗೂ ಹರಡಿದವು. ಎರಡು ವಾರ ಕಳೆದ ಮರುದಿನವೇ, ಜೂನ್ 9ರಂದು, ಸಿಂಗಪುರ ಬಾವುಟದ ವಾನ್ ಹಾಯ್ 503 ಹಡಗಿನಲ್ಲಿ ಕೇರಳದ ಆಚೆ ಬೆಂಕಿ ಹೊತ್ತಿಕೊಂಡಿತು. 22 ಜನರಲ್ಲಿ ನಾಲ್ವರು ಕಾಣೆಯಾದರು. ಬದುಕಿದ 18 ಜನರನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಪಣಂಬೂರಿಗೆ ತಂದಿತು, ಗಾಯಗೊಂಡವರಿಗೆ ಮಂಗಳೂರಿನಲ್ಲೇ ಚಿಕಿತ್ಸೆ ಆಯಿತು. ಉರಿಯುವ ಹಡಗನ್ನು ಕೋಸ್ಟ್ ಗಾರ್ಡ್‌ನವರು ತೀರಕ್ಕೆ ತೇಲಿ ಬರದಂತೆ ತಡೆದರು, ಆಮೇಲೆ ಅದನ್ನು ಎಳೆದು 200 ಮೈಲಿಯ ಆಚೆಗೆ ಒಯ್ದರು.

ಹೀಗೆ ಆಚೆಗೆ ಒಯ್ಯುವುದು ಸುಲಭದ ತೀರ್ಮಾನ ಅಂತ ಕಾಣುತ್ತದೆ, ಆದರೆ ಇಲ್ಲೊಂದು ಕಷ್ಟ ಇದೆ. 2021ರಲ್ಲಿ ಕೊಲಂಬೊ ಹತ್ತಿರ ಉರಿದು ಮುಳುಗಿದ ಎಕ್ಸ್-ಪ್ರೆಸ್ ಪರ್ಲ್ ನೆನಪಿದೆಯಾ? ಅದರಲ್ಲಿ ನೈಟ್ರಿಕ್ ಆಸಿಡ್ ಸೋರುತ್ತಿದ್ದ ಕಂಟೇನರನ್ನು ಇಳಿಸಿಕೊಳ್ಳಿ ಅಂತ ಮೊದಲು ಕತಾರಿನ ಹಮದ್, ಆಮೇಲೆ ನಮ್ಮ ಹಜೀರಾ ಬಂದರನ್ನು ಕೇಳಿದ್ದೆವು, ಸೌಲಭ್ಯ ಇಲ್ಲ ಅಂತ ಎರಡೂ ಕಡೆ ಒಪ್ಪಲಿಲ್ಲ ಅಂತ ಹಡಗು ನಡೆಸುತ್ತಿದ್ದವರು ಹೇಳಿದರು. ತೊಂದರೆಯಲ್ಲಿರುವ ಹಡಗು ಯಾರಿಗೂ ಬೇಡ. ಎಲ್ಲರೂ ಬೇಡ ಅಂದರೆ ಕೊನೆಗೆ ಯಾವುದೋ ಬಡ ದೇಶದ ಮೀನುಗಾರರ ತೀರದಲ್ಲಿ ಅದು ಒಡೆಯುತ್ತದೆ. ಇಂಥ ಹಡಗಿಗೆ ಆಸರೆ ಕೊಡಲೇಬೇಕು ಅನ್ನುವ ಕಡ್ಡಾಯ ಒಪ್ಪಂದ ಇನ್ನೂ ಇಲ್ಲ, ಇರುವುದು ಮಾರ್ಗಸೂಚಿ ಮಾತ್ರ.

ನಷ್ಟ ವಸೂಲಿಗೆ ಭಾರತದಲ್ಲಿ ಒಂದು ಗಟ್ಟಿ ಆಯುಧ ಇದೆ, ಹಡಗನ್ನೇ ಬಂಧಿಸುವುದು. ಎಲ್ಸಾ 3 ತಳ ಸೇರಿತ್ತು, ಅದನ್ನು ಹಿಡಿಯಲಾಗದು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು, 2025ರ ಜುಲೈನಲ್ಲಿ ಕೋರ್ಟು ಅದೇ ಕಂಪನಿ ಬಳಗದ ಇನ್ನೊಂದು ಹಡಗು ಎಂಎಸ್‌ಸಿ ಅಕಿಟೆಟಾ 2 ಅನ್ನು ವಿಳಿಂಜಂನಲ್ಲಿ ತಡೆಹಿಡಿಯಲು ಹೇಳಿತು. ಮತ್ತೆ ನೋಡಿ, ಹಿಡಿತ ಸಿಕ್ಕಿದ್ದು ಬಂದರಿನಲ್ಲೇ. ಇದಕ್ಕೆ ಆಧಾರ 2017ರ ಅಡ್ಮಿರಾಲ್ಟಿ ಕಾಯ್ದೆ. ಅದು ಕರ್ನಾಟಕ ಹೈಕೋರ್ಟಿಗೂ ಇದೇ ಅಧಿಕಾರ ಕೊಟ್ಟಿದೆ. 2006ರಲ್ಲಿ ಪನಾಮಾ ಬಾವುಟದ ಓಷನ್ ಸೆರಾಯ ಕಾರವಾರದ ಆಯ್ಸ್ಟರ್ ರಾಕ್ ಹತ್ತಿರ ಬಂಡೆಗೆ ಸಿಕ್ಕಿ ಅದರ ಎಣ್ಣೆ ಗೋವಾ ತೀರದವರೆಗೂ ಹೋದಾಗ ಈ ಕಾಯ್ದೆ ಇರಲಿಲ್ಲ.

ಈ ಒಪ್ಪಂದಗಳ ಬಲೆಗೆ ಬೀಳದ ಹಡಗುಗಳೂ ಇವೆ. ಸೋಲಾಸ್ ನಿಯಮಗಳಲ್ಲಿ ಹೆಚ್ಚಿನವು ಮೀನುಗಾರಿಕೆ ದೋಣಿಗಳಿಗೂ 500 ಟನ್ನೇಜ್‌ಗಿಂತ ಸಣ್ಣ ಸರಕು ಹಡಗುಗಳಿಗೂ ಅನ್ವಯಿಸುವುದಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಒಯ್ಯುವ ಮಂಜಿಗಳು, ಅಂದರೆ ಸಣ್ಣ ಸರಕು ಹಡಗುಗಳು, ಇದೇ ಗುಂಪಿಗೆ ಸೇರಿದವು. 2025ರ ಮೇ ತಿಂಗಳಲ್ಲೇ, ಎಲ್ಸಾ 3 ಮುಳುಗುವ ಹನ್ನೊಂದು ದಿನ ಮೊದಲು, ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ ಹೊರಟಿದ್ದ ಸಲಾಮತ್ ಅನ್ನುವ ಮಂಜಿ ಮುಳುಗಿತು. ಆರು ಜನ ಸಣ್ಣ ದೋಣಿಯಲ್ಲಿ ತೇಲುತ್ತಿದ್ದರು, ಕೋಸ್ಟ್ ಗಾರ್ಡ್ ಅವರನ್ನು ಉಳಿಸಿತು. ಇಂಥವರ ಸುರಕ್ಷತೆಗೆ ಲಂಡನ್ ಏನೂ ಮಾಡುವುದಿಲ್ಲ, ಪೂರಾ ನಮ್ಮ ಸರ್ಕಾರಗಳದೇ ಜವಾಬ್ದಾರಿ.

ಇನ್ನೊಂದು ವಿಷಯಕ್ಕೆ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಎಣ್ಣೆ ಹೊಲಸನ್ನು, ಕಸವನ್ನು ಸಮುದ್ರಕ್ಕೆ ಹಾಕಬೇಡಿ ಅಂತ ಹೇಳುವ ಮಾರ್ಪೋಲ್, ಅದನ್ನು ಇಳಿಸಿಕೊಳ್ಳುವ ವ್ಯವಸ್ಥೆ ಬಂದರಿನಲ್ಲಿ ಇರಬೇಕು ಅಂತಲೂ ಸರ್ಕಾರಗಳಿಗೆ ಹೇಳುತ್ತದೆ. ಟ್ಯಾಂಕರ್ ಲಾರಿ ಬರಲು ಎರಡು ದಿನ ಕಾಯಬೇಕು, ಬಂದರೆ ದುಬಾರಿ ಬಿಲ್ಲು ಅಂತಾದರೆ ಚೀಫ್ ಎಂಜಿನಿಯರ್ ಮೇಲೆ ಒತ್ತಡ ಬೀಳುತ್ತದೆ. ಬಾಲ್ಟಿಕ್ ಸಮುದ್ರದ ಬಂದರುಗಳಲ್ಲಿ ಹೊಲಸು ಇಳಿಸಲು ಬೇರೆ ಶುಲ್ಕ ಇಲ್ಲ, ಬಂದರಿನ ಶುಲ್ಕದಲ್ಲೇ ಸೇರಿರುತ್ತದೆ. ಇಳಿಸಿದರೂ ಅಷ್ಟೇ, ಇಳಿಸದಿದ್ದರೂ ಅಷ್ಟೇ. ಆಗ ಸಮುದ್ರಕ್ಕೆ ಬಿಟ್ಟು ಉಳಿಸುವುದೇನೂ ಇರುವುದಿಲ್ಲ. ನಮ್ಮ ಬಂದರುಗಳೆಲ್ಲ ಹೀಗೆ ಮಾಡಬೇಕು ಅನ್ನುವುದು ನನ್ನ ಬೇಡಿಕೆ, ಜೊತೆಗೆ ಸರ್ವೇಯರ್‌ಗಳ ಸಂಖ್ಯೆ ಹೆಚ್ಚಿಸಬೇಕು. ಹೊಸ ಕಾಯ್ದೆ ಎಷ್ಟೇ ಚೆನ್ನಾಗಿರಲಿ, ಬೋಲ್ಟ್ ಮೇಲಿನ ಪೇಂಟ್ ನೋಡಲು ಒಬ್ಬ ಮನುಷ್ಯ ಬೇಕೇ ಬೇಕು.

ನಿಮ್ಮ ಊರಿನ ಬಂದರಿಗೆ ಬರುವ ಹಡಗು ಎಂಥದ್ದು ಅಂತ ನೀವೇ ನೋಡಬಹುದು. ಹಡಗಿನ ಹಿಂಭಾಗದಲ್ಲಿ ಐಎಂಒ ಅಂತ ಬರೆದು ಏಳು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಹೆಸರು, ಬಾವುಟ, ಮಾಲೀಕ ಎಷ್ಟು ಸಲ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಈಕ್ವಾಸಿಸ್ ಅನ್ನುವ ಜಾಲತಾಣದಲ್ಲಿ ಉಚಿತವಾಗಿ ಖಾತೆ ಮಾಡಿಕೊಂಡು ಆ ಸಂಖ್ಯೆ ಹಾಕಿದರೆ, ಹಡಗು ಯಾವ ವರ್ಷ ಕಟ್ಟಿದ್ದು, ಯಾವ ಬಂದರಿನಲ್ಲಿ ಯಾವಾಗ ತಪಾಸಣೆ ಆಯಿತು, ಎಷ್ಟು ಲೋಪ ಸಿಕ್ಕಿತು, ತಡೆಹಿಡಿದಿದ್ದರೋ ಇಲ್ಲವೋ ಎಲ್ಲ ಕಾಣುತ್ತದೆ. ಮನೆಯವರು ಯಾರಾದರೂ ಹಡಗಿನ ಕೆಲಸಕ್ಕೆ ಹೊರಟಿದ್ದರೆ, ಏಜೆಂಟ್ ಕೈಗೆ ದುಡ್ಡು ಕೊಡುವ ಮೊದಲು ಆ ಹಡಗಿನ ಸಂಖ್ಯೆ ಕೇಳಿ, ಒಂದ್ಸಲ ಹಾಕಿ ನೋಡಿ.